ಹಾರ್ಪ್ ಇದ್ದದ್ದು, ಹಾರ್ಪ್ ಇಲ್ಲದ್ದು

ಇಪ್ಪತ್ತು ಚಿಲ್ಲರೆ ವರ್ಷ ನಾನು ಲೈಬ್ರರಿಯನ್ ಆಗಿದ್ದೆ. ಆದರೆ ನನ್ನ ಬಳಿ ಯಾರೂ ಪುಸ್ತಕ ಕೇಳಿಕೊಂಡು ಬರುತ್ತಿರಲಿಲ್ಲ. ಹ್ಯೂಸ್ಟನ್ನಿನ ಒಂದು ಆರ್ಕೆಸ್ಟ್ರಾದಲ್ಲಿ ಎಪ್ಪತ್ತು ಜನ ವಾದಕರ ಮುಂದಿನ ಸ್ಟ್ಯಾಂಡುಗಳ ಮೇಲೆ ಸರಿಯಾದ ಹಾಳೆ, ಸರಿಯಾದ ಗುರುತುಗಳ ಸಮೇತ, ಹೊತ್ತಿಗೆ ಸರಿಯಾಗಿ ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಎಲ್ಲ ಸರಿಯಿದ್ದ ದಿನ ನಾನೊಬ್ಬಳು ಅಲ್ಲಿದ್ದೇನೆ ಎನ್ನುವುದೇ ಯಾರಿಗೂ ನೆನಪಿರುತ್ತಿರಲಿಲ್ಲ. ಒಂದು ಹಾಳೆ ಆಚೀಚೆಯಾದರೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗುತ್ತಿದ್ದರು. ಈಗ ಈ ಕೆಲಸಕ್ಕೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರು ಒಬ್ಬಿಬ್ಬರು ನಾವೀಗಿರುವ ಲಿಯಾಂಡರ್ ಊರಿನ ಮನೆಗೆ ಬಂದು, ‘ಆಂಟಿ, ಆ ಜಾಬ್ ಹೇಗಿರತ್ತೆ?’ ಎಂದು ಕೇಳುತ್ತಾರೆ. ಕಾಫಿ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ಸಂಗತಿ ಅದಲ್ಲ. ಹಾಗಾಗಿ ಬರೆಯಲು ಕೂತೆ.

ಪ್ರಮೋಷನ್ ವಿಷಯ ಬಿಡಿ. ಮೇಲಿನವರು ರಿಟೈರ್ ಆದರು, ಕುರ್ಚಿ ಖಾಲಿಯಾಯಿತು, ನಾನು ಕೂತೆ. ಅಷ್ಟೇ.

ನಾನು ಮೈಸೂರಿನಲ್ಲಿ ಪಿಟೀಲು ಕಲಿತವಳು. ಸೀನಿಯರ್ ಪರೀಕ್ಷೆ ಪಾಸಾಗಿದ್ದೆ, ಲೈಬ್ರರಿ ಸೈನ್ಸ್ ಓದಿದ್ದೆ. ಹ್ಯೂಸ್ಟನ್ ಪಕ್ಕದ ಕೇಟಿ ಊರಿನಲ್ಲಿ ಮನೆ ಮಾಡಿದ ಮೇಲೆ ಗಂಡ ಬೆಳಗಾದರೆ ಆಫೀಸಿಗೆ, ಮಗಳು ಸ್ಕೂಲಿಗೆ. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಆರ್ಕೆಸ್ಟ್ರಾಕ್ಕೆ ಲೈಬ್ರರಿ ಸಹಾಯಕಿ ಬೇಕು ಎಂಬ ಜಾಹೀರಾತು ನೋಡಿ ಹೋದೆ. ಆಗಿನ ಮುಖ್ಯ ಲೈಬ್ರರಿಯನ್ ಹ್ಯಾಂಕ್ ಎನ್ನುವ ಮುದುಕ, ಆರಡಿ ಮೇಲೆ ಎತ್ತರ, ಮಾತು ಬಹಳ ಕಮ್ಮಿ. ನನ್ನ ಸರ್ಟಿಫಿಕೇಟುಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಪೆನ್ಸಿಲ್ ಗುರುತುಗಳಿಂದ ಕಪ್ಪಾಗಿದ್ದ ಒಂದು ಹಾಳೆ, ಒಂದು ರಬ್ಬರ್ ನನ್ನ ಮುಂದಿಟ್ಟು, ಅಳಿಸು ಎಂದ. ಅಚ್ಚಿನ ಅಕ್ಷರಕ್ಕೆ ಗಾಯವಾಗದಂತೆ ಅಳಿಸಿದೆ. ಸೋಮವಾರದಿಂದ ಬಾ ಎಂದ.

ಈ ಅಳಿಸುವ ಕೆಲಸ ಎಷ್ಟು ಮುಖ್ಯ ಎನ್ನುವುದು ಹೊರಗಿನವರಿಗೆ ಗೊತ್ತಿಲ್ಲ. ಹೊಸ ಕಾಲದ ಸಂಗೀತವನ್ನು ಆರ್ಕೆಸ್ಟ್ರಾಗಳು ಕೊಂಡುಕೊಳ್ಳುವುದಿಲ್ಲ. ಪ್ರಕಾಶಕರಿಂದ ಬಾಡಿಗೆಗೆ ತರಿಸಿ, ಕಛೇರಿ ಮುಗಿದ ಮೇಲೆ ವಾಪಸ್ ಕಳಿಸುತ್ತಾರೆ. ಬರುವ ಹಾಳೆಗಳ ಮೇಲೆ ಹಿಂದೆ ನುಡಿಸಿದ ಊರಿನವರ ಪೆನ್ಸಿಲ್ ಗುರುತುಗಳು ಇರುತ್ತವೆ. ಎಲ್ಲಿ ಕಮಾನು ಮೇಲೆ ಹೋಗಬೇಕು, ಎಲ್ಲಿ ಕೆಳಗೆ ಬರಬೇಕು ಎನ್ನುವ ಗುರುತುಗಳೇ ಹೆಚ್ಚು. ಅವನ್ನು ಅಳಿಸಿ, ನಮ್ಮ ಮುಖ್ಯ ವಾದಕರ ಗುರುತುಗಳನ್ನು ಪ್ರತಿ ಹಾಳೆಗೂ ಕೈಯಲ್ಲೇ ಇಳಿಸಬೇಕು. ಇಪ್ಪತ್ತು ಜನ ಪಿಟೀಲಿನವರ ಕಮಾನು ಒಟ್ಟಿಗೆ ಏಳುವುದನ್ನು ನೋಡಿ ನೀವು ಚಪ್ಪಾಳೆ ತಟ್ಟುತ್ತೀರಲ್ಲ, ಅದರ ಹಿಂದೆ ನನ್ನ ಬೆರಳುಗಳ ನೋವಿದೆ. ನನ್ನ ಗಂಡನಿಗೆ ಮಾತ್ರ ಇದು ನಾನು ರಿಟೈರ್ ಆಗುವವರೆಗೂ ‘ನಿನ್ನ ಝೆರಾಕ್ಸ್ ಅಂಗಡಿ’ಯೇ ಆಗಿತ್ತು.

ಸೇರಿದ ಮೊದಲ ತಿಂಗಳು ಉತ್ಸಾಹ ಹೆಚ್ಚಾಗಿ, ಬಾಡಿಗೆ ಹಾಳೆಗಳ ಜೊತೆ ನಮ್ಮದೇ ಬೀರುವಿನಲ್ಲಿದ್ದ, ಓಬೋ ಎಂಬ ಕೊಳವೆ ಊದುವವನ ಹಾಳೆಗಳನ್ನೂ ಅಳಿಸಿಬಿಟ್ಟೆ. ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ಅವನು ಹತ್ತು ವರ್ಷದಿಂದ ಗುರುತು ಹಾಕಿಟ್ಟುಕೊಂಡಿದ್ದ. ರಿಹರ್ಸಲ್‌ನಲ್ಲಿ ಅರ್ಧ ದಾರಿಯಲ್ಲಿ ಮುಖ ಕೆಂಪಾಗಿ, ಉಸಿರು ಸಾಲದೆ ನಿಲ್ಲಿಸಿದ. ಹ್ಯಾಂಕ್ ನನ್ನನ್ನು ಬೈಯಲಿಲ್ಲ. ಇಡೀ ವಾರ ರಬ್ಬರನ್ನು ತನ್ನ ಜೇಬಿನಲ್ಲಿಟ್ಟುಕೊಂಡು, ನನಗೆ ಬೇಕಾದಾಗೆಲ್ಲ ಕೇಳಿ ಪಡೆಯುವಂತೆ ಮಾಡಿದ. ಬೈದಿದ್ದರೇ ವಾಸಿಯಿತ್ತು.

ಇನ್ನು ವಯೋಲಾ ವಿಷಯಕ್ಕೆ ಬರುತ್ತೇನೆ. ವಯೋಲಾ ಎಂದರೆ ಪಿಟೀಲಿಗೆ ಅಕ್ಕನಂಥದ್ದು. ಮೈ ಸ್ವಲ್ಪ ದೊಡ್ಡದು, ದನಿ ಸ್ವಲ್ಪ ತಗ್ಗು. ಆರ್ಕೆಸ್ಟ್ರಾದಲ್ಲಿ ನಡುವಿನ ದನಿ ಅದರ ಪಾಲು, ಹಾಗಾಗಿ ಜನ ಅದನ್ನು ಗಮನಿಸುವುದು ಕಮ್ಮಿ. ವಾದಕರು ಬಿಡುವಿನಲ್ಲಿ ವಯೋಲಾದವರ ಮೇಲೆ ಜೋಕ್ ಹೇಳಿಕೊಂಡು ನಗುತ್ತಿದ್ದರು. ಒಬ್ಬರೇ ಮುಂದೆ ನಿಂತು ಇಡೀ ಆರ್ಕೆಸ್ಟ್ರಾದ ಜೊತೆ ನುಡಿಸುವ ಕಂಚೆರ್ಟೊಗಳು ಪಿಟೀಲಿಗೆ ಬೇಕಾದಷ್ಟಿವೆ. ವಯೋಲಾಕ್ಕೆ ಬಹಳ ಕಾಲ ಹಾಗೆ ಬರೆಯುವವರೇ ಕಮ್ಮಿ. ಇಪ್ಪತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ರಚನಕಾರರು ಆ ಕೊರತೆಯನ್ನು ಮನಸ್ಸಿಗೆ ತೆಗೆದುಕೊಂಡು ಒಂದರ ಮೇಲೊಂದು ಬರೆದರು. ನಮ್ಮ ಕಂಡಕ್ಟರ್, ಅಂದರೆ ಕೋಲು ಹಿಡಿದು ಎಲ್ಲರನ್ನೂ ನಡೆಸುವ ಸಂಗೀತ ನಿರ್ದೇಶಕರು, ಲಂಡನ್ನಿನಲ್ಲಿ ಓದಿ ಬಂದವರು. ಈ ಇಂಗ್ಲಿಷ್ ವಯೋಲಾ ಕೃತಿಗಳೆಂದರೆ ಅವರಿಗೆ ಪ್ರಾಣ. ಹೀಗಾಗಿ ಟೆಕ್ಸಸ್‌ನಲ್ಲಿ ಕೂತು ಅವುಗಳ ಹಾಳೆಗಳನ್ನು ನಾನು ನೋಡಿದಷ್ಟು ಇನ್ನಾರೂ ನೋಡಿರಲಾರರು. ಹೆಮ್ಮೆಯಿಂದಲೇ ಹೇಳುತ್ತೇನೆ.

ಅವುಗಳಲ್ಲಿ ಒಂದಕ್ಕೆ ವಯೋಲಾ ಮತ್ತು ಸಣ್ಣ ಆರ್ಕೆಸ್ಟ್ರಾದ ಜೊತೆ ಹಾಡುವವರ ಗುಂಪೂ ಬೇಕು. ಹಾಡುವವರ ಹಾಳೆಗಳು ಬಂದವು. ತೆಗೆದು ನೋಡಿದರೆ ಸ್ವರಗಳಿವೆ, ಸಾಹಿತ್ಯವೇ ಇಲ್ಲ. ನಾನು ತಕ್ಷಣ ಪ್ರಕಾಶಕರಿಗೆ ಫೋನ್ ಮಾಡಿ, ಮಾತುಗಳನ್ನು ಅಚ್ಚು ಹಾಕಲು ಮರೆತಿದ್ದೀರಿ, ಇಂಥ ಹಾಳೆ ಕಳಿಸಲು ನಿಮಗೆ ನಾಚಿಕೆಯಾಗುವುದಿಲ್ಲವೇ ಎಂದು ದಬಾಯಿಸಿದೆ. ಆ ಕಡೆಯ ಹೆಂಗಸು ನಗು ತಡೆದುಕೊಂಡು, ಅದರಲ್ಲಿ ಮಾತುಗಳೇ ಇಲ್ಲ ಮೇಡಂ, ಬರೀ ಆ-ಕಾರದಲ್ಲಿ ಹಾಡುತ್ತಾರೆ ಎಂದಳು. ಆಲಾಪನೆ ಕೇಳಿ ಬೆಳೆದ ನನಗೆ ಅದು ಹೊಳೆಯಲಿಲ್ಲವಲ್ಲ ಎಂದು ಮನೆಗೆ ಬಂದ ಮೇಲೂ ಸಂಕಟಪಟ್ಟೆ.

ಈ ತಪ್ಪುಗಳೆಲ್ಲ ಆದ ಮೇಲೆ ಹ್ಯಾಂಕ್ ಒಂದು ಫಾರ್ಮ್ ಮಾಡಿದ. ಮುಂದೆ ನಿಂತು ನುಡಿಸಲು ಬರುವ ಪ್ರತಿಯೊಬ್ಬ ಕಲಾವಿದರಿಗೂ ಅದು ಅಂಚೆಯಲ್ಲಿ ಹೋಗುತ್ತದೆ. ಯಾವ ಕೃತಿ, ಯಾವ ಪ್ರಕಾಶಕರದು, ಯಾವ ಆವೃತ್ತಿ, ಎಲ್ಲವನ್ನೂ ಅವರು ತುಂಬಿ ಸಹಿ ಮಾಡಿ ಕಳಿಸಬೇಕು. ಅದು ಕೈಗೆ ಬರುವವರೆಗೆ ಹಾಳೆ ತರಿಸಕೂಡದು. ಆಮೇಲೆ ಫ್ಯಾಕ್ಸ್ ಬಂತು, ಇಮೇಲ್ ಬಂತು, ನಾನು ರಿಟೈರ್ ಆಗುವ ಹೊತ್ತಿಗೆ ಹಾಳೆಗಳೇ ಸ್ಕ್ಯಾನ್ ಆಗಿ ಬರತೊಡಗಿದವು. ಫಾರ್ಮ್ ಮಾತ್ರ ಬದಲಾಗಲಿಲ್ಲ. ಹ್ಯಾಂಕ್ ರಿಟೈರ್ ಆದ ಮೇಲೂ ನಾನು ಅದನ್ನು ಬಿಡಲಿಲ್ಲ. ಹೆಸರಾಂತ ಕಲಾವಿದರಿಗೂ ಫಾರ್ಮ್ ಬಾರದೆ ಹಾಳೆ ಇಲ್ಲ ಎಂದು ಹೇಳಿದವಳು ನಾನು. ಒಬ್ಬಳಿಗೆ ಮಾತ್ರ ಕಳಿಸಲಿಲ್ಲ.

ಆಗ ತೊಂಬತ್ತರ ದಶಕದ ಕೊನೆಯ ವರ್ಷಗಳು. ನಮ್ಮ ಆರ್ಕೆಸ್ಟ್ರಾ ವಿದ್ಯಾರ್ಥಿಗಳಿಗೆ ನಡೆಸುತ್ತಿದ್ದ ಸ್ಪರ್ಧೆಯಲ್ಲಿ ಆಸ್ಟಿನ್‌ನಲ್ಲಿ ಓದುತ್ತಿದ್ದ ಒಬ್ಬ ವಯೋಲಾ ಹುಡುಗಿ ಗೆದ್ದಿದ್ದಳು. ಬಹುಮಾನವೆಂದರೆ ಒಂದೇ, ಪೂರ್ತಿ ಆರ್ಕೆಸ್ಟ್ರಾದ ಜೊತೆ ಒಂದು ಸಲ ಕಂಚೆರ್ಟೊ ನುಡಿಸುವುದು. ಹೆಸರು ಕರುಣಾ ಎಂದು ಕೇಳಿ ಯಾವ ಕಡೆಯವಳೋ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅವಳದೇ ಫೋನ್ ಬಂತು.

“ಆಂಟೀ, ನಮಸ್ಕಾರ್ರೀ. ನಾ ಕರುಣಾ ಮಾತಾಡಾಕತ್ತೀನ್ರಿ, ಬೆಟಗೇರಿಯಾಕಿ. ಲೈಬ್ರರಿಯೊಳಗ ನಮ್ಮ ಕನ್ನಡದವ್ರ ಅದಾರ ಅಂತ ಗೊತ್ತಾತು, ಭಾಳ ಖುಷಿ ಆತ್ರಿ.”

ನನ್ನ ಆಫೀಸಿನ ಫೋನಿನಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು. ನಾನು ಕುರ್ಚಿ ಹಿಂದೆ ಸರಿಸಿ ಆರಾಮಾಗಿ ಕೂತೆ. ಬೆಟಗೇರಿಯಲ್ಲಿ ಅವರದು ಹಳೆಯ ಕ್ರೈಸ್ತ ಮನೆತನವಂತೆ. ಪಿಟೀಲು ಅಲ್ಲಿಯ ಚರ್ಚಿನಲ್ಲೇ ಕಲಿತಳಂತೆ.

“ಅದು ಸರಿ, ವಯೋಲಾ ಯಾಕಮ್ಮ ಹಿಡಿದೆ?” ಎಂದೆ.

“ನಮ್ಮವ್ವ ಚರ್ಚಿನ್ಯಾಗ ಆಲ್ಟೊ ಹಾಡ್ತಾಳ್ರಿ. ಮ್ಯಾಲಿನ ದನಿ ಎಲ್ಲಾರಿಗೂ ಕೇಳಸ್ತದ. ಅವ್ವನ ದನಿ ನಡಕ ಇರತದ, ಅದರ ಸನೇಕ ಕುಂತವ್ರಿಗಷ್ಟ ಕೇಳಸ್ತದ. ನಾ ಸಣ್ಣಾಕಿದ್ದಾಗಿಂದ ಅದನ್ನ ಕೇಳಕೋತ ಬಂದೀನ್ರಿ. ಅದಕ್ಕ ನಂಗ ವಯೋಲಾ ಸೇರ್ತು.”

ಇಂಥ ಹುಡುಗಿಯ ಮೇಲೆ ಅಕ್ಕರೆ ಬಾರದೆ ಇರುತ್ತದೆಯೇ? ಅರ್ಧ ಗಂಟೆ ಮಾತಾಡಿದೆವು. ನಡುವೆ ಅವಳು, “ಆಂಟಿ, ನಾ ನುಡಸೂದು ಹಾರ್ಪ್ ಇದ್ದದ್ರಿ. ಎರಡು ಅದಾವಲ್ಲ, ಅದರಾಗ ಹೊಸಾದು,” ಎಂದಳು. ನಾನು ಆಗ ಊರ ಪಕ್ಕದ ಸ್ಟಾಫರ್ಡ್‌ನ ಯಾವ ಅಂಗಡಿಯಲ್ಲಿ ಒಳ್ಳೆಯ ಜೋಳದ ಹಿಟ್ಟು ಸಿಗುತ್ತದೆ ಎಂದು ಹೇಳುವ ಭರದಲ್ಲಿದ್ದೆ. “ಆಯ್ತಮ್ಮ, ಆಯ್ತು, ಅದೆಲ್ಲ ನಾನು ನೋಡ್ಕೋತೀನಿ. ನೀನು ಪ್ರಾಕ್ಟೀಸ್ ಮಾಡು, ಚೆನ್ನಾಗಿ ತಿನ್ನು,” ಎಂದೆ. ಅವಳು, “ಫಾರ್ಮ್ ಏನರ ತುಂಬೂದೈತೇನ್ರಿ?” ಎಂದು ಕೇಳಿದಳು. “ನನಗೂ ನಿನಗೂ ಎಂಥ ಫಾರ್ಮು!” ಎಂದುಬಿಟ್ಟೆ.

ಅವಳು ಹೇಳಿದ ಎರಡರ ವಿಷಯ ಇದು. ಅವಳು ಆರಿಸಿಕೊಂಡಿದ್ದ ಕಂಚೆರ್ಟೊ ನಾನು ಹೇಳಿದ ಇಂಗ್ಲೆಂಡಿನವರಲ್ಲಿ ಒಬ್ಬರು 1920ರ ದಶಕದ ಕೊನೆಯಲ್ಲಿ ಬರೆದದ್ದು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲವಾದ ಮೇಲೆ ರಚನಕಾರರೇ ಅದನ್ನು ಮತ್ತೆ ಕೈಗೆತ್ತಿಕೊಂಡು, ಊದುವ ವಾದ್ಯಗಳನ್ನು ಕಮ್ಮಿ ಮಾಡಿ, ಒಂದು ಹಾರ್ಪ್, ಅಂದರೆ ಬೆರಳಿನಿಂದ ಮೀಟುವ ಆಳೆತ್ತರದ ತಂತಿವಾದ್ಯ, ಸೇರಿಸಿದರು. ಮುಂದೆ ನಿಂತು ನುಡಿಸುವ ವಯೋಲಾಕ್ಕೆ ಹೆಚ್ಚು ಬದಲಾವಣೆ ಇಲ್ಲ. ಹಿಂದೆ ಕೂತವರಿಗೆ ಮಾತ್ರ ಎರಡೂ ಬೇರೆ ಬೇರೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮವರು ಹಳೆಯದನ್ನು ನುಡಿಸಿದ್ದರು. ಅದರ ಪ್ರತಿ ಹಾಳೆ ನನ್ನ ಕೈಯಲ್ಲಿ ಹಾದುಹೋಗಿತ್ತು. ಹಾಗಾಗಿ ಯೋಚನೆಯನ್ನೇ ಮಾಡದೆ ಅದನ್ನೇ ತರಿಸಿದೆ.

ಶನಿವಾರ ಕಛೇರಿ, ಗುರುವಾರ ಬೆಳಿಗ್ಗೆ ಮೊದಲ ರಿಹರ್ಸಲ್. ಹಾರ್ಪ್ ವಾದಕಿ ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು ತಂತಿ ಶ್ರುತಿ ಮಾಡುತ್ತಿದ್ದಳು. ನನ್ನನ್ನು ಕರೆದು, ವಿಜಿ, ಕಂಚೆರ್ಟೊ ಹಾಳೆ ನನ್ನ ಸ್ಟ್ಯಾಂಡಿನಲ್ಲಿ ಇಲ್ಲವಲ್ಲ ಎಂದಳು. ಇದರಲ್ಲಿ ನಿನಗೆ ಕೆಲಸವಿಲ್ಲ, ಹೋಗಿ ಕಾಫಿ ಕುಡಿದು ಬಾ ಎಂದು ಕಳಿಸಿದೆ. ಎಂಥ ಧೈರ್ಯ ನನ್ನದು ನೋಡಿ!

ಕರುಣಾ ವೇದಿಕೆಗೆ ಬಂದಳು. ಸಣ್ಣ ಆಳು, ಬಿಗಿಯಾಗಿ ಹೆಣೆದ ಜಡೆ. ನನ್ನನ್ನು ಕಂಡು ಕಣ್ಣಲ್ಲೇ ನಕ್ಕಳು. ಅದುವರೆಗೆ ಆ ಕಂಚೆರ್ಟೊವನ್ನು ಪಿಯಾನೊ ಜೊತೆ ಬಿಟ್ಟು ನುಡಿಸಿದವಳಲ್ಲ. ಓದು ಮುಗಿಯಲು ಕೆಲವೇ ತಿಂಗಳಿತ್ತು. ವಯೋಲಾದವರಿಗೆ ಇಂಥ ಅವಕಾಶ ಜೀವಮಾನದಲ್ಲಿ ಎರಡನೇ ಸಲ ಬರುವುದು ಅಪರೂಪ. ಅವಳು ಕಮಾನು ಎತ್ತಿ ಮೊದಲ ಸಾಲು ನುಡಿಸಿದಾಗ, ಜೋಕ್ ಹೇಳುವವರೆಲ್ಲ ಕುರ್ಚಿಯಲ್ಲಿ ನೆಟ್ಟಗೆ ಕೂತರು.

ಸ್ವಲ್ಪ ಹೊತ್ತಿಗೆ ಕಂಡಕ್ಟರ್ ಹಾರ್ಪ್ ಕಡೆ ಕೈ ತೋರಿಸಿದರು. ಕುರ್ಚಿ ಖಾಲಿ. ಅವರು ಕೋಲು ಕೆಳಗಿಟ್ಟರು. ಟ್ರಂಪೆಟ್ ಸ್ಟ್ಯಾಂಡಿನಲ್ಲಿ ಒಂದು ಹಾಳೆ ಹೆಚ್ಚಿದೆ, ನುಡಿಸಲು ಆಳಿಲ್ಲ ಎಂದು ಹಿಂದಿನಿಂದ ಒಬ್ಬ ಹೇಳಿದ. ಕಂಡಕ್ಟರ್ ಕೆಳಗಿಳಿದು ಅವನ ಹಾಳೆಯನ್ನೂ, ಎಲ್ಲ ವಾದ್ಯಗಳ ಸ್ವರಗಳೂ ಇರುವ ತಮ್ಮ ಸ್ವಂತ ಪುಸ್ತಕವನ್ನೂ ಪಕ್ಕಪಕ್ಕ ಹಿಡಿದು ನೋಡಿದರು. ನನಗೆ ಅಷ್ಟರಲ್ಲಿ ಎಲ್ಲ ತಿಳಿದುಹೋಗಿತ್ತು.

“ವಿಜಿ, ಇದು ಹಳೆಯದು. ನನ್ನ ಹತ್ತಿರ ಇರುವುದು ಹೊಸದು. ಕಲಾವಿದೆಯ ಫಾರ್ಮ್ ಕೊಡಿ,” ಎಂದರು.

ನಾನು ಫೈಲಿನ ಹಾಳೆಗಳನ್ನು ಸುಮ್ಮನೆ ತಿರುವಿದೆ. ಇಲ್ಲದ ಫಾರ್ಮನ್ನು ಎಲ್ಲಿಂದ ತರಲಿ? ನಾನು ಬಾಯಿ ತೆರೆಯುವ ಮೊದಲೇ ಕರುಣಾ ಇಂಗ್ಲಿಷಿನಲ್ಲಿ, “ಫಾರ್ಮ್ ನಾನು ಕಳಿಸಲೇ ಇಲ್ಲ. ತಪ್ಪು ನನ್ನದು,” ಎಂದಳು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಆ ಗಳಿಗೆಯಲ್ಲಿ ನನಗೆ ಸಮಾಧಾನವಾಯಿತು. ಬಾಯಿ ಮುಚ್ಚಿಕೊಂಡು ನಿಂತೆ.

ನಮ್ಮಲ್ಲಿ ನಿಯಮ ಬಹಳ ಸ್ಪಷ್ಟ. ತಪ್ಪು ಆರ್ಕೆಸ್ಟ್ರಾದ್ದಾದರೆ ಏನಾದರೂ ಮಾಡಿ ಕಲಾವಿದರಿಗೆ ಕಛೇರಿ ನಡೆಸಿಕೊಡಬೇಕು. ತಪ್ಪು ಕಲಾವಿದರದಾದರೆ ಕಾರ್ಯಕ್ರಮ ಬದಲಾಯಿಸಬಹುದು. ಕಂಡಕ್ಟರ್ ಕೆಟ್ಟವರಲ್ಲ, ಆದರೆ ಎರಡು ರಿಹರ್ಸಲ್‌ನಲ್ಲಿ ಒಂದು ಹಾಳಾಗಿತ್ತು. ಕಂಚೆರ್ಟೊ ಬಿಟ್ಟು ನಮ್ಮ ಬೀರುವಿನಲ್ಲೇ ಇರುವ ಒಂದು ಸಿಂಫನಿ ನುಡಿಸೋಣ ಎಂದರು. ಇಪ್ಪತ್ತು ನಿಮಿಷ ಬಿಡುವು ಕೊಟ್ಟರು.

ಕರುಣಾ ಹಿಂದಿನ ಪ್ಯಾಸೇಜಿನಲ್ಲಿ ವಯೋಲಾವನ್ನು ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಡುತ್ತಿದ್ದಳು. ಅಳುತ್ತಿರಲಿಲ್ಲ. ಒರೆಸಿದ ಕಡೆಯೇ ಮತ್ತೆ ಮತ್ತೆ ಒರೆಸುತ್ತಿದ್ದಳು.

“ನಾನು ನಿನಗೆ ಫಾರ್ಮ್ ಕಳಿಸೇ ಇರ್ಲಿಲ್ವಲ್ಲ. ಯಾಕೆ ಹಾಗೆ ಹೇಳಿದೆ?” ಎಂದೆ.

“ನೀವು ಹಿರ್‍ಯಾರದೀರಿ. ಅಷ್ಟು ಮಂದಿ ಮುಂದ ಆಂಟೀನ ಮರ್‍ತಾರ ಅಂತ ನಾ ಹೆಂಗ ಅನ್ಲಿರಿ? ನಮ್ಮವ್ವಗ ಗೊತ್ತಾದ್ರ ನನ್ನ ಬಿಡಂಗಿಲ್ಲ.”

“ಮತ್ತೆ ನಿನ್ನ ಕಂಚೆರ್ಟೊ?”

“ಹೋತಲ್ರಿ,” ಎಂದಳು. ಪೆಟ್ಟಿಗೆಯ ಮುಚ್ಚಳ ಹಾಕಿದಳು.

ಬಿಡುವು ಮುಗಿದು ಎಲ್ಲರೂ ಕೂತಿದ್ದರು. ನಾನು ಅವಳ ಕೈ ಹಿಡಿದುಕೊಂಡು ವೇದಿಕೆಗೆ ಹೋದೆ. ಫಾರ್ಮ್ ಕಳಿಸದವಳು ನಾನು, ಹಾರ್ಪ್ ಇರುವುದನ್ನು ತರಿಸಿ ಎಂದು ಇವಳು ಫೋನಿನಲ್ಲಿ ಹೇಳಿದ್ದಳು, ನಾನು ಹಳೆಯದನ್ನು ತರಿಸಿದೆ ಎಂದು ಹೇಳಿದೆ. ಕಂಡಕ್ಟರ್ ಬೇಸರದಿಂದ ನಕ್ಕರು. ವಿಜಿ, ಇಷ್ಟು ವರ್ಷದಲ್ಲಿ ನೀವು ಫಾರ್ಮ್ ಇಲ್ಲದೆ ಒಂದು ಹಾಳೆ ತರಿಸಿದ್ದನ್ನು ನಾನು ಕಂಡಿಲ್ಲ, ನಿಮ್ಮ ಊರಿನ ಹುಡುಗಿಯನ್ನು ಉಳಿಸಲು ನೋಡುತ್ತಿದ್ದೀರಿ, ಅರ್ಥವಾಗುತ್ತದೆ ಎಂದರು. ನನ್ನ ಒಳ್ಳೆಯ ಹೆಸರೇ ಆ ದಿನ ನನಗೆ ಅಡ್ಡ ಬಂತು. ಅವರು ಕರುಣಾ ಕಡೆ ತಿರುಗಿ, ನೀನು ಇವರಿಗೆ ಹೇಳಿದ್ದೆಯಾ ಎಂದು ಕೇಳಿದರು. ಅವಳು ನೆಲ ನೋಡುತ್ತ ನಿಂತಳು.

ಎಪ್ಪತ್ತು ಜನರ ಮುಂದೆ ನಾನು ಕನ್ನಡದಲ್ಲೇ ಶುರು ಮಾಡಿದೆ. “ತಲೆ ಎತ್ತು. ನನಗೆ ಮರ್ಯಾದೆ ಕೊಡಬೇಕು ಅಂತಿದ್ರೆ ಇದ್ದದ್ದನ್ನ ಇದ್ದಹಾಗೆ ಹೇಳು. ನನ್ನ ತಪ್ಪನ್ನ ನೀನು ಹೊತ್ಕೊಂಡು ಆಸ್ಟಿನ್ನಿಗೆ ವಾಪಸ್ ಹೋದ್ರೆ ನಾನು ನಾಳೆಯಿಂದ ಈ ಕೆಲಸಕ್ಕೆ ಹೇಗಮ್ಮ ಬರ್ಲಿ? ನೀನು ನುಡಿಸ್ಬೇಕು ಅಂತ ಇದ್ಯೋ ಇಲ್ವೋ?”

ಅವಳು ತಲೆ ಎತ್ತಿದಳು. ಆಮೇಲೆ ಕಂಡಕ್ಟರ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. “ನಾನು ಅವರಿಗೆ ಸ್ಪಷ್ಟವಾಗಿ ಹೇಳಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ.”

ನನ್ನ ಕಿವಿ ಬಿಸಿಯಾಯಿತು. ಬೇರೆ ಯಾರಾದರೂ ಅಂದಿದ್ದರೆ ಎದುರುತ್ತರ ಕೊಡುತ್ತಿದ್ದೆ. ಕಂಡಕ್ಟರ್ ಪುಸ್ತಕ ಮುಚ್ಚಿ, ಹಾಗಿದ್ದರೆ ಕಂಚೆರ್ಟೊ ಇರುತ್ತದೆ, ನಾಳೆ ಸಂಜೆ ಆರಕ್ಕೆ ಸರಿಯಾದ ಹಾಳೆಗಳು ಬೇಕು ಎಂದರು.

ಪ್ರಕಾಶಕರನ್ನು ಕೇಳಿದರೆ, ಹೊಸ ಆವೃತ್ತಿಯ ಹಾಳೆಗಳು ಡಲ್ಲಾಸ್‌ನಲ್ಲಿದ್ದವು. ಅಲ್ಲಿಯವರು ಹಿಂದಿನ ವಾರವಷ್ಟೇ ನುಡಿಸಿ, ವಾಪಸ್ ಕಳಿಸಲು ಕಟ್ಟಿಟ್ಟಿದ್ದರು. ಒಪ್ಪಿಗೆ ಫ್ಯಾಕ್ಸ್‌ನಲ್ಲಿ ತರಿಸಿದೆ, ಈ ಸಲ ಎರಡು ಸಲ ಓದಿದೆ. ಡಲ್ಲಾಸ್‌ನ ಲೈಬ್ರರಿಯನ್ ಅರ್ಧ ದಾರಿವರೆಗೆ ತಾನೇ ಡ್ರೈವ್ ಮಾಡಿಕೊಂಡು ಬಂದಳು. ನಮ್ಮ ಕೆಲಸದವರು ಒಬ್ಬರಿಗೊಬ್ಬರು ಹಾಗೆ ಆಗುತ್ತಾರೆ. ನನ್ನ ಗಂಡ ಆಫೀಸಿಗೆ ರಜಾ ಹಾಕಿ ಕಾರು ತೆಗೆದರು. “ಅಂತೂ ಝೆರಾಕ್ಸ್ ಅಂಗಡಿಗೂ ಎಮರ್ಜೆನ್ಸಿ ಬರತ್ತೆ ಅಂತಾಯ್ತು,” ಎಂದರು. ಹೈವೇ ಪಕ್ಕದ ಗ್ಯಾಸ್ ಸ್ಟೇಷನ್ನಿನಲ್ಲಿ ಕಟ್ಟು ಕೈಗೆ ಬಂದ ತಕ್ಷಣ ಅಲ್ಲೇ ಬಿಚ್ಚಿ, ಕಾರಿನ ಬಾನೆಟ್ ಮೇಲಿಟ್ಟು ಒಂದೊಂದೇ ಹಾಳೆ ಎಣಿಸಿದೆ. ಹಾರ್ಪ್ ಹಾಳೆ ಇತ್ತು.

ಪಿಟೀಲು, ವಯೋಲಾ ಹಾಳೆಗಳ ಮೇಲೆ ಡಲ್ಲಾಸ್‌ನವರ ಕಮಾನು ಗುರುತುಗಳು ಹಾಗೇ ಇದ್ದವು. ಎಲ್ಲ ಅಳಿಸಿ ನಮ್ಮದನ್ನು ಇಳಿಸಲು ಸಮಯವಿರಲಿಲ್ಲ. ನಮ್ಮ ಮುಖ್ಯ ಪಿಟೀಲಿನವರು ಮುಖ ಸಿಂಡರಿಸಿ, ಹೋಗಲಿ, ಒಂದು ದಿನ ಅವರ ಹಾಗೇ ನುಡಿಸೋಣ ಎಂದು ಒಪ್ಪಿದರು. ಶುಕ್ರವಾರ ಸಂಜೆ ಒಂದೇ ರಿಹರ್ಸಲ್ ಆಯಿತು.

ಶನಿವಾರ ನಾನು ಪರದೆಯ ಬದಿಯಲ್ಲಿ ನಿಂತು ಕೇಳಿದೆ. ಆ ಕಂಚೆರ್ಟೊ ಆರ್ಭಟದಲ್ಲಿ ಮುಗಿಯುವುದಿಲ್ಲ. ಕೊನೆಗೆ ದನಿ ಇಳಿಯುತ್ತ ಇಳಿಯುತ್ತ ವಯೋಲಾ ತನ್ನಷ್ಟಕ್ಕೆ ಮಾತಾಡಿಕೊಂಡಂತೆ ನಿಲ್ಲುತ್ತದೆ. ಇಷ್ಟು ವರ್ಷ ಇಂಥ ಹಾಳೆಗಳನ್ನು ಅಳಿಸಿದ್ದೆ, ಬರೆದಿದ್ದೆ, ಎಣಿಸಿದ್ದೆ. ಮನಸ್ಸಿಟ್ಟು ಕೇಳಿರಲಿಲ್ಲ. ಅಂದು ಕೇಳಿದೆ, ಕಣ್ಣಲ್ಲಿ ನೀರು ಬಂತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಮುಂದಿನ ವಾರ ಆಡಳಿತದವರಿಂದ ನನಗೊಂದು ಪತ್ರ ಬಂತು. ಎಚ್ಚರಿಕೆ ಕೊಟ್ಟ ಪತ್ರ, ನನ್ನ ಸರ್ವಿಸ್ ಫೈಲಿನಲ್ಲಿ ಖಾಯಂ ಆಗಿ ಉಳಿಯುವಂಥದ್ದು. ಕಾರಣ ಬರೆಯುವ ಜಾಗದಲ್ಲಿ ಕರುಣಾಳ ಮಾತನ್ನೇ ಇದ್ದಹಾಗೆ ಇಳಿಸಿದ್ದರು: ಕಲಾವಿದೆ ಸ್ಪಷ್ಟವಾಗಿ ಹೇಳಿದ್ದರು, ಲೈಬ್ರರಿಯನ್ ಕೇಳಿಸಿಕೊಳ್ಳಲಿಲ್ಲ. ಓದಿ ಸಹಿ ಮಾಡಿಕೊಟ್ಟೆ. ಅದು ಹೇಗೋ ಅವಳ ಕಿವಿಗೂ ಬಿದ್ದು, ಅಂದೇ ಆಸ್ಟಿನ್ನಿನಿಂದ ಫೋನ್ ಮಾಡಿದಳು.

“ಆಂಟೀ, ನನ್ನಿಂದ ನಿಮಗ ಕೆಟ್ಟ ಹೆಸರು ಬಂತ್ರಿ. ನಾ ಮ್ಯಾನೇಜರಿಗೆ ಬರದ ಕೊಡ್ತೀನಿ, ಫೋನಿನ್ಯಾಗ ನಾನ ಸರಿಯಾಗಿ ಹೇಳಿರಲಿಕ್ಕಿಲ್ಲ ಅಂತ. ಪತ್ರ ತಗಸ್ರಿ.”

“ಹಾಗೆ ಬರೆದ್ರೆ ತಪ್ಪು ಮತ್ತೆ ನಿಂದಾಗತ್ತೆ,” ಎಂದೆ. “ತಪ್ಪು ನಿಂದಾದ್ರೆ ಶನಿವಾರ ನೀನು ಅಲ್ಲಿ ನಿಂತು ನುಡಿಸೋ ಹಾಗೇ ಇರ್ಲಿಲ್ಲ. ಯೋಚನೆ ಮಾಡು. ಆ ಮಾತು ವಾಪಸ್ ತಗೊಂಡ್ರೆ ಕಂಚೆರ್ಟೊನೂ ವಾಪಸ್ ಕೊಟ್ಟ ಹಾಗೆ. ಕೊಡ್ತೀಯಾ?”

ಈ ಸಲ ನಾನು ನಡುವೆ ಬಾಯಿ ಹಾಕದೆ ಅವಳ ಉತ್ತರಕ್ಕೆ ಕಾದೆ.

“ಇಲ್ರಿ ಆಂಟಿ,” ಎಂದಳು ಕೊನೆಗೆ. “ಕಂಚೆರ್ಟೊ ನಾ ಇಟ್ಕೋತೀನಿ. ಪತ್ರ ನೀವ ಇಟ್ಕೋರಿ.”